ಕವರಿನ ಕನಿಕರ, ತಾಟಿನ ಕಕ್ಕುಲಾತಿ

ಮೂರು ವರ್ಷದ ಹಿಂದಿನ ಪಂಚಮಿ ಹಬ್ಬದ ಮಾತು ಇದು. ಆ ವರ್ಷ ಕಾರಹುಣ್ಣಿಮೆಗೆಂದು ತವರಿಗೆ ಹೋಗಿದ್ದೆ. ನನ್ನ ತವರು ಅಸೂಟಿ. ಹಬ್ಬ ಮುಗಿಸಿ ನರೇಗಲ್ಲಿಗೆ ತಿರುಗಿ ಬರುವಾಗ ನಾನು ಕೂತಿದ್ದ ಟಂಟಂ ಆಟೋ ಎರೆಮಣ್ಣಿನ ಕೆಸರಿನಲ್ಲಿ ಜಾರಿ ಪಕ್ಕಕ್ಕೆ ಉರುಳಿತು. ಗಾಡಿಯಲ್ಲಿದ್ದ ಎಲ್ಲರೂ ಮೈ ಕೊಡವಿಕೊಂಡು ಎದ್ದರು. ನಾನು ಬಲಗೈ ಊರಿ ಬಿದ್ದಿದ್ದೆ. ಮಣಿಕಟ್ಟು ಮುರಿಯಿತು.

ಗದಗಿನ ದವಾಖಾನೆಯಲ್ಲಿ ಆಪರೇಶನ್ ಮಾಡಿ, ಒಳಗೆ ಲೋಹದ ಪಟ್ಟಿ ಕೂರಿಸಿ, ಕೈ ಕಟ್ಟಿ ಕಳಿಸಿದರು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಮಣಿಕಟ್ಟು ಸರಿಯಾಗಿ ಬಗ್ಗುತ್ತಿರಲಿಲ್ಲ, ಎರಡು ಬೆರಳು ಮಡಚುತ್ತಲೇ ಇರಲಿಲ್ಲ. "ಕೈ ಉಳೀತಲ್ಲ, ಅದ ದೊಡ್ಡದು ಅಂತ ತಿಳಕೋರಿ," ಎಂದರು ಡಾಕ್ಟರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ರೊಟ್ಟಿ ಬಡಿಯುವವಳಿಗೆ ಬಗ್ಗದ ಕೈ ಇದ್ದರೇನು, ಬಿಟ್ಟರೇನು?

ನನ್ನ ರೊಟ್ಟಿಯ ಬಗ್ಗೆ ನಾನು ಜಂಬದಿಂದಲೇ ಹೇಳುತ್ತೇನೆ, ಸುಳ್ಳು ವಿನಯ ನನಗೆ ಬರುವುದಿಲ್ಲ. ನರೇಗಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಗೆ ಹತ್ತು ವರ್ಷದಿಂದ ದಿನಾ ಒಂದು ಬುಟ್ಟಿ ಜೋಳದ ರೊಟ್ಟಿ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಮದುವೆ ಸೀಜನ್ನಿನಲ್ಲಿ ರೋಣ, ಗಜೇಂದ್ರಗಡದಿಂದಲೂ ಕಡಕ್ ರೊಟ್ಟಿಗೆ ಜನ ಹುಡುಕಿಕೊಂಡು ಬರುತ್ತಿದ್ದರು. ನನ್ನ ರೊಟ್ಟಿ ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ ಎಂದು ತಮಾಷೆ ಮಾಡುವವರಿದ್ದರು. ನಮ್ಮ ಮನೆಯವರು ಸಾಮಾನು ಸಾಗಿಸುವ ಗಾಡಿ ಹೊಡೆಯುತ್ತಾರೆ, ಅವರ ದುಡಿಮೆಯಲ್ಲಿ ಮನೆ ನಡೆಯುವುದಕ್ಕೇನೂ ತೊಂದರೆ ಇರಲಿಲ್ಲ. ಆದರೆ ಊರಲ್ಲಿ ನನ್ನನ್ನು ಯಾರೂ ಇಂಥವರ ಹೆಂಡತಿ ಎಂದು ಕರೆಯುತ್ತಿರಲಿಲ್ಲ, ರೊಟ್ಟಿ ಗಿರಿಜಕ್ಕ ಎಂದೇ ಕರೆಯುತ್ತಿದ್ದರು. ಆ ಹೆಸರು ನಾನು ಗಳಿಸಿದ್ದು.

ಖಾನಾವಳಿಯ ಶಿವಪ್ಪಣ್ಣ ನನ್ನನ್ನು ನೋಡಲು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಕೈ ನೋಡಿ ಬಾಯಲ್ಲಿ ಚ್ಚ್‌ ಚ್ಚ್‌ ಎಂದರು. "ಪಂಚಮಿ ಮುಗಿಯೂತನಾ ನೋಡೂಣ್ರಿ ಅಕ್ಕಾರ. ಆಮ್ಯಾಲ ಆಗಂಗಿಲ್ಲ ಅಂದ್ರ ಗದಗಿನಿಂದ ಮಷೀನ್ ರೊಟ್ಟಿ ತರಸ್ತೀನಿ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ, ಪಾಪ," ಎಂದು ಹೇಳಿ ಹೋದರು. ಪಂಚಮಿಗೆ ಆಗ ಬಹಳ ದಿನ ಉಳಿದಿರಲಿಲ್ಲ.

ಈ 'ಪಾಪ' ಎಂಬ ಶಬ್ದ ಇದೆಯಲ್ಲ, ಅದು ನನಗೆ ಕೈ ನೋವಿಗಿಂತ ಹೆಚ್ಚು ಕಾಡಿತು. ನೋಡಲು ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು. ಹಾಲು ಹಾಕುವವನು ಪಾಪ ಎಂದ, ಬಳೆಗಾರ್ತಿ ಪಾಪ ಎಂದಳು. ನಾನು ಬಾಗಿಲಲ್ಲಿ ನಿಂತರೆ ದಾರಿಯಲ್ಲಿ ಹೋಗುವವರು ಮೊದಲು ನನ್ನ ಕೈ ನೋಡುತ್ತಿದ್ದರು, ಆಮೇಲೆ ಮುಖ ನೋಡುತ್ತಿದ್ದರು. ನಾನು ಕೊಡ ಎತ್ತಿದರೆ ಯಾರಾದರೂ ಓಡಿ ಬಂದು ಕಸಿದುಕೊಳ್ಳುತ್ತಿದ್ದರು. ಎಡಗೈ ಗಟ್ಟಿಮುಟ್ಟಾಗಿದೆ ಎಂದು ಎಷ್ಟು ಹೇಳಿದರೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ನಳದ ಮುಂದೆ ಆದದ್ದಂತೂ ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಶಾರದಾ ಮತ್ತು ನಾನು ನೀರಿನ ಪಾಳಿಗಾಗಿ ಎಷ್ಟೋ ವರ್ಷದಿಂದ ಜಗಳ ಆಡಿಕೊಂಡು ಬಂದವರು. ಅವಳ ಕೊಡ ನಾನು ಸರಿಸುವುದು, ನನ್ನ ಕೊಡ ಅವಳು ಸರಿಸುವುದು, ಓಣಿಯವರೆಲ್ಲ ನಿಂತು ನೋಡುವುದು ನಡೆದೇ ಇತ್ತು. ಅಂಥ ಶಾರದಾ ಒಂದು ದಿನ ತನ್ನ ಕೊಡ ತಾನೇ ಹಿಂದೆ ಸರಿಸಿ, "ನೀವು ಮೊದಲ ಹಿಡೀರಿ ಅಕ್ಕಾ, ಪಾಪ," ಎಂದಳು. ನಾನು ಬೇಕೆಂದೇ, "ಯಾಕ, ನಿನ್ನ ಕೊಡ ತೂತ ಬಿದ್ದೈತೇನು?" ಎಂದು ಕೆಣಕಿದೆ. ಅವಳು ಸಿಟ್ಟಾಗಲಿಲ್ಲ, ನನ್ನ ಕೊಡವನ್ನು ತಾನೇ ನಳದ ಕೆಳಗೆ ಇಟ್ಟಳು. ನನ್ನ ಜೊತೆ ಜಗಳಕ್ಕೂ ಈಗ ಯಾರೂ ಇಲ್ಲವಲ್ಲ ಎಂದು ಮನೆಗೆ ಬಂದು ಅತ್ತೆ.

ನಮ್ಮ ಕಡೆಯ ರೊಟ್ಟಿ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವ ಮೊದಲು ಬರುವ ಹಬ್ಬ ಅದು. ವಾರದ ಮುಂಚಿನಿಂದಲೇ ಮನೆಮನೆಯಲ್ಲೂ ಸಜ್ಜೆ, ಜೋಳದ ಕಡಕ್ ರೊಟ್ಟಿ ಮಾಡಿ ಒಟ್ಟುತ್ತಾರೆ. ಹಬ್ಬದ ದಿನ ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ ಇಟ್ಟು, ಮೇಲೊಂದು ಬಟ್ಟೆ ಮುಚ್ಚಿ, ಹೆಂಗಸರು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಒಯ್ಯುತ್ತಾರೆ. ಬಂದ ತಾಟನ್ನು ಹಾಗೇ ತಿರುಗಿ ಕಳಿಸುವಂತಿಲ್ಲ. ಅವರ ರೊಟ್ಟಿ ತೆಗೆದುಕೊಂಡು ನಮ್ಮ ರೊಟ್ಟಿ ಇಟ್ಟು ಕಳಿಸಬೇಕು. ಸೂತಕವಾಗಿ ಒಲೆ ಹೊತ್ತದ ಮನೆಯಲ್ಲೂ ಒಂದು ಬೆಲ್ಲದ ತುಣುಕನ್ನೋ, ಒಂದು ಹಿಡಿ ಜೋಳವನ್ನೋ ಹಾಕುತ್ತಾರೆಯೇ ಹೊರತು ಖಾಲಿ ತಾಟು ಕಳಿಸುವುದಿಲ್ಲ. ದೊಡ್ಡ ಹೊಲದವರ ಮನೆಯ ತಾಟಿಗೂ ಕೂಲಿಯವರ ಮನೆಯ ತಾಟಿಗೂ ಅಂದು ಒಂದೇ ರೀತಿ.

ಆ ವರ್ಷ ಮಧ್ಯಾಹ್ನವಾದರೆ ಓಣಿಯ ತುಂಬ ರೊಟ್ಟಿ ಬಡಿಯುವ ಸಪ್ಪಳ. ನಾನು ಗೋಡೆಗೆ ಒರಗಿ ಕೂತು ಕೇಳುತ್ತಿದ್ದೆ. ಸಪ್ಪಳದ ಮೇಲೆಯೇ ಯಾರ ರೊಟ್ಟಿ ದಪ್ಪ, ಯಾರದು ತೆಳು ಎಂದು ನನಗೆ ತಿಳಿಯುತ್ತಿತ್ತು. ನನ್ನ ಮಗಳು ದೀಪಾ ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. "ಈ ಸಲ ನಾ ಮಾಡ್ತೀನಿ ಬೇ ಅವ್ವಾ," ಎಂದಳು. "ಬ್ಯಾಡ. ಈ ವರ್ಷ ನಮ್ಮ ಮನಿಯಾಗ ರೊಟ್ಟಿ ಹಬ್ಬ ಇಲ್ಲ," ಎಂದೆ. ಒಂದೆರಡು ಸಲ ಯಾರೂ ಇಲ್ಲದಾಗ ಹಿಟ್ಟು ಮುಟ್ಟಿ ನೋಡಿದ್ದೆ. ಬಲಗೈ ಮರದ ತುಂಡಿನಂತೆ ಹಿಟ್ಟಿನ ಮೇಲೆ ಬೀಳುತ್ತಿತ್ತು. ಶಿವಪ್ಪಣ್ಣನಿಗೆ ಆಗುವುದಿಲ್ಲ ಎಂದು ಹೇಳಿ ಕಳಿಸುವುದೇ ಸರಿ ಎಂದು ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದೆ.

ಹಬ್ಬದ ದಿನ ಬೆಳಿಗ್ಗೆ ಮೊದಲು ಬಂದವಳು ಶಾರದಾ. ಅವಳ ಕೈಯಲ್ಲಿ ತಾಟು ಇರಲಿಲ್ಲ. ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಪ್ಲಾಸ್ಟಿಕ್ ಕವರು ಇತ್ತು. ಅದರೊಳಗೆ ರೊಟ್ಟಿ, ಇನ್ನೊಂದು ಸಣ್ಣ ಕವರಿನಲ್ಲಿ ಪಲ್ಯ.

"ತಾಟ ತಂದಿಲ್ಲ ನೋಡ್ರಿ ಅಕ್ಕಾ. ತಿರುಗಿ ಕೊಡೂ ಚಿಂತಿ ನಿಮಗ ಬ್ಯಾಡ ಅಂತ ಕವರಿನ್ಯಾಗ ತಂದೀನಿ," ಎಂದಳು.

ಅವಳ ಹಿಂದೆ ಇನ್ನೊಬ್ಬರು ಬಂದರು, ಅವರ ಕೈಯಲ್ಲೂ ಕವರು. ಮತ್ತೊಬ್ಬರು ಹಳೆಯ ಪೇಪರಿನಲ್ಲಿ ಸುತ್ತಿ ತಂದರು. ಓಣಿಯವರೆಲ್ಲ ಮಾತಾಡಿಕೊಂಡೇ ಹೀಗೆ ಮಾಡಿದ್ದಾರೆ ಎಂದು ಆಗ ಗೊತ್ತಾಯಿತು. ಎಲ್ಲರೂ ಬಾಗಿಲಲ್ಲೇ ಕೊಟ್ಟು, ಕೈ ಹೆಂಗೈತಿ ಎಂದು ಕೇಳಿ, ಪಾಪ ಎಂದು ಹೋದರು. ಒಬ್ಬರೂ ಒಳಗೆ ಬಂದು ಕೂರಲಿಲ್ಲ. ಕೂತರೆ ನಾನು ಏನಾದರೂ ಕೊಡಬೇಕಾಗುತ್ತದೆ ಎಂಬ ಸಂಕೋಚ ಅವರಿಗೆ. ಅವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಮನಸ್ಸು ಕರಗಿಯೇ ಹಾಗೆ ಮಾಡಿದ್ದರು. ಆದರೆ ಅಡುಗೆಮನೆಯ ತುಂಬ ಕವರುಗಳನ್ನು ನೋಡಿದರೆ, ಓಣಿಯ ಲೆಕ್ಕದಿಂದ ನನ್ನನ್ನು ತೆಗೆದುಹಾಕಿದ ಹಾಗಿತ್ತು.

"ಇಷ್ಟೆಲ್ಲಾ ರೊಟ್ಟಿ ಯಾರ ತಿಂತಾರ ಬೇ?" ಎಂದಳು ದೀಪಾ. "ನಾಯಿಗೆ ಹಾಕು," ಎಂದೆ. ಅಷ್ಟು ಸಿಟ್ಟು ಬಂದಿತ್ತು.

ಬಿಸಿಲೇರುವ ಹೊತ್ತಿಗೆ ಎದುರುಮನೆಯ ಫಕೀರವ್ವ ಆಯಿ ಬಂದಳು. ಎಪ್ಪತ್ತು ದಾಟಿದ ಮುದುಕಿ, ಹೊಲಮನೆ ಇರುವ ಗಟ್ಟಿ ಕುಳ. ಮನೆಯಲ್ಲಿ ಇಬ್ಬರು ಸೊಸೆಯಂದಿರಿದ್ದರೂ ರೊಟ್ಟಿ ಹಬ್ಬದ ತಾಟನ್ನು ಮಾತ್ರ ತಾನೇ ಹೊತ್ತು ಬರುವವಳು. ಅವಳಿಗೂ ನನಗೂ ಎಂದೂ ಸರಿಬಂದದ್ದಿಲ್ಲ. ನಾನು ಮದುವೆಯಾಗಿ ಬಂದ ವರ್ಷ, ಎಲ್ಲರೂ ನನ್ನ ತೆಳು ರೊಟ್ಟಿ ಹೊಗಳುತ್ತಿದ್ದರೆ ಇವಳೊಬ್ಬಳು ಅದನ್ನು ಮುರಿದು ನೋಡಿ, "ಇದೇನ ಹುಡುಗಿ, ಕಾಗದ ಮಾಡೀಯಲ್ಲ, ಗಾಳಿಗೆ ಹಾರಿ ಹೋದೀತು," ಎಂದಿದ್ದಳು. ಅಂದಿನಿಂದ ಪ್ರತಿ ವರ್ಷ ನನ್ನ ರೊಟ್ಟಿಯಲ್ಲಿ ಏನಾದರೊಂದು ಕುಂದು ಹುಡುಕದೆ ಬಿಟ್ಟವಳಲ್ಲ.

ಅವಳ ಕೈಯಲ್ಲಿ ಸ್ಟೀಲಿನ ದೊಡ್ಡ ತಾಟು ಇತ್ತು, ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಒಳಗೆ ಬಂದವಳೇ ತಾಟನ್ನು ನನ್ನ ಮುಂದಿಟ್ಟು, ಬಾಗಿಲ ಬದಿಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತಳು.

"ತಗೋ. ಖಾಲಿ ಮಾಡಿ ಕೊಡು," ಎಂದಳು.

ನಾನು ಅವಳ ರೊಟ್ಟಿ ತೆಗೆದಿಟ್ಟುಕೊಂಡು, ಡಬ್ಬಿಯಿಂದ ಒಂದು ತುಣುಕು ಬೆಲ್ಲ ತೆಗೆದು ತಾಟಿನಲ್ಲಿಟ್ಟೆ. ಅವಳು ಬೆಲ್ಲವನ್ನು ನೋಡಿದಳು. "ಯಾರ ಸತ್ತಾರ ನಿಮ್ಮ ಮನಿಯಾಗ?" ಎಂದಳು.

"ಯಾಕ್ರಿ ಆಯಿ ಹಂಗ ಅಂತೀರಿ?"

"ಮತ್ತ ಬೆಲ್ಲ ಯಾಕ? ರೊಟ್ಟಿ ಎಲ್ಲಿ?"

"ನಾ ಮಾಡಿಲ್ರಿ ಈ ಸಲ."

"ಹಿಟ್ಟ ಐತಿಲ್ಲ?"

"ಐತ್ರಿ."

"ಒಲಿ ಐತಿಲ್ಲ?"

"ಒಲಿ ಐತಿ, ಕೈ ಇಲ್ರಿ ಆಯಿ!" ಎಂದು ಬಲಗೈ ಎತ್ತಿ ತೋರಿಸಿದೆ. ಕಣ್ಣಲ್ಲಿ ನೀರು ಬಂದಿತ್ತು.

ಅವಳು ಆ ಕೈ ಕಡೆ ನೋಡಲೂ ಇಲ್ಲ. "ಇಪ್ಪತ್ತ ವರ್ಷ ಆತು, ನಿನ್ನ ರೊಟ್ಟಿ ಇಲ್ಲದ ನಾ ಹಬ್ಬ ಮಾಡಿಲ್ಲ. ಖಾಲಿ ತಾಟ ಒಯ್ಯಂಗಿಲ್ಲ ನಾ. ನೀ ಮಾಡೂತನಾ ಇಲ್ಲೇ ಕುಂದರತೀನಿ. ನನಗೇನ ಕೆಲಸ ಐತಿ? ಮನಿಯಾಗ ಸೊಸ್ತ್ಯಾರ ಅದಾರ," ಎಂದು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮುದುಕಿಯನ್ನು ಹೊರಗೆ ಹೋಗು ಎನ್ನುವಂತಿಲ್ಲ, ಹಬ್ಬದ ದಿನ. ಅವಳು ಏಳುವುದೂ ಇಲ್ಲ. ಎದ್ದು ಹೋಗಿ ಒಲೆ ಹೊತ್ತಿಸಿ ಎಸರಿಟ್ಟೆ. ಪಾತ್ರೆಯನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಓಣಿಗೆಲ್ಲ ಕೇಳಿಸಿರಬೇಕು. ಕುದಿಯುವ ನೀರಿಗೆ ಹಿಟ್ಟು ಹಾಕಿ, ಎಡಗೈಯಿಂದ ನಾದಿದೆ. ದೀಪಾ ಓಡಿ ಬಂದು, "ನಾ ನಾದ್ತೀನಿ ಬೇ," ಎಂದು ಕೂತಳು.

"ಏ ಹುಡುಗಿ, ನಿನ್ನ ರೊಟ್ಟಿ ನಾ ಕೇಳೀನೇನು? ಸರಿ ಅತ್ಲಾಗ," ಎಂದಳು ಆಯಿ ಕೂತಲ್ಲಿಂದಲೇ.

ಮೊದಲ ರೊಟ್ಟಿ ಎಡಗೈಯಿಂದ ಬಡಿದೆ. ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಎತ್ತುವಾಗ ಎರಡಾಯಿತು. ಮತ್ತೆ ಮುದ್ದೆ ಮಾಡಿ ಬಡಿದೆ. ಅದು ಹಂಚಿನವರೆಗೆ ಹೋಗಿ, ಅರ್ಧ ಹಂಚಿನ ಮೇಲೆ, ಅರ್ಧ ಒಲೆಯ ಮೇಲೆ ಬಿತ್ತು. ಎತ್ತಲು ಆಸರೆ ಕೊಟ್ಟ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಳಕೈವರೆಗೆ ನೋವು ಹೊಡೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಅವಳ ಕಡೆ ತಿರುಗಿ ಕೂಗಿದೆ.

"ನಿಮಗ ನನ್ನ ಮ್ಯಾಲ ಒಂದೀಟರ ಕನಿಕರ ಐತೇನ್ರಿ ಆಯಿ?"

"ಇಲ್ಲ," ಎಂದಳು ಅವಳು, ಏನೂ ಆಗದವರ ಹಾಗೆ. "ಕನಿಕರ ಓಣ್ಯಾಗಿನ ನಾಯಿ ಮ್ಯಾಲೂ ಬರತೈತಿ ನನಗ. ಒಂದ ತುಣುಕ ಒಗದ ಒಳಗ ಹೋಗತೀನಿ. ಅದು ತಿರುಗಿ ನನಗೇನರ ಕೊಡಲಿ ಅಂತ ಅದರ ಮುಂದ ಕಾದಕೊಂತ ಕುಂತದ್ದ ನೋಡೀಯೇನು? ನಿನ್ನ ಬಾಗಲಾಗ ಮೊಣಕಾಲ ನೋಯಿಸ್ಕೊಂಡ ಕುಂತೀನಿ. ಯಾಕ ಅಂತ ನೀನ ತಿಳಕೋ. ಮಾತ ಸಾಕು, ಹಿಟ್ಟ ಆರತೈತಿ."

ನಾನು ಒಲೆಯ ಕಡೆ ತಿರುಗಿದೆ. ಈ ಸಲ ಅವಸರ ಮಾಡಲಿಲ್ಲ. ಎಡ ಅಂಗೈಯಿಂದ ಮೆಲ್ಲಗೆ ಬಡಿಯುತ್ತ, ಬಗ್ಗದ ಬಲಗೈಯ ಅಂಚಿನಿಂದ ರೊಟ್ಟಿಯನ್ನು ಸ್ವಲ್ಪಸ್ವಲ್ಪ ತಿರುಗಿಸಿದೆ. ಎತ್ತುವಾಗ ಆ ಸೆಟೆದ ಕೈಯನ್ನೇ ಹಲಗೆಯ ಹಾಗೆ ಕೆಳಗೆ ತೂರಿಸಿದೆ. ರೊಟ್ಟಿ ಹರಿಯದೆ ಹಂಚಿಗೆ ಬಿತ್ತು. ಮೇಲೆ ನೀರು ಸವರಿ, ತಿರುವಿ ಹಾಕಿ, ಬಟ್ಟೆಯಿಂದ ಒತ್ತಿದಾಗ ಒಂದು ಮಗ್ಗುಲು ಉಬ್ಬಿತು. ಇಡೀ ಉಬ್ಬಲಿಲ್ಲ. ಗುಂಡಗಂತೂ ಇರಲೇ ಇಲ್ಲ. ದಪ್ಪನಾಗಿ, ಸೊಟ್ಟಗೆ, ಒಂದು ಕಡೆ ಸೀದು ಇತ್ತು. ನನ್ನ ಜೀವಮಾನದಲ್ಲಿ ಅಷ್ಟು ಕೆಟ್ಟ ರೊಟ್ಟಿ ನಾನು ಮಾಡಿದ್ದಿಲ್ಲ.

ಅದನ್ನು ತಾಟಿನಲ್ಲಿಟ್ಟು ಅವಳ ಮುಂದೆ ಸರಿಸಿದೆ. ಆಯಿ ಕೈಯಲ್ಲಿ ಎತ್ತಿ ತೂಗಿ ನೋಡಿದಳು, ಅಂಚು ಒತ್ತಿ ನೋಡಿದಳು. "ಈಗ ನೋಡು, ತಿನ್ನಾಕ ಹಲ್ಲಿಗೆ ಸಿಗೂವಂಥಾ ರೊಟ್ಟಿ ಆತು," ಎಂದು ಗೋಡೆ ಹಿಡಿದು ಎದ್ದಳು. ಬಟ್ಟೆ ಮುಚ್ಚಲಿಲ್ಲ. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಾಟನ್ನು ಎದೆಯ ಮುಂದೆ ಹಿಡಿದು ಹೊರಬಿದ್ದಳು.

ಎದುರುಮನೆಗೆ ಹೋಗಲು ಹತ್ತು ಹೆಜ್ಜೆ ಸಾಕು. ಅವಳು ಆ ಕಡೆ ಹೋಗದೆ ಓಣಿ ಹಿಡಿದು ಹೊರಟಳು. ಹಬ್ಬದ ದಿನ, ಹೆಂಗಸರೆಲ್ಲ ಬಾಗಿಲಲ್ಲೇ ಇದ್ದರು. ನನ್ನ ಸೊಟ್ಟ ರೊಟ್ಟಿ ಎಲ್ಲರಿಗೂ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಬೇಕೆಂದೇ ನನ್ನ ಮರ್ಯಾದೆ ತೆಗೆಯುತ್ತಿದ್ದಾಳೆ ಎಂದುಕೊಂಡು ಹಿಂದೆಯೇ ಓಡಿದೆ.

"ಆಯೀ, ಮುಚ್ಚಿಕೊಂಡ ಹೋಗ್ರಿ!"

"ಯಾಕ ಮುಚ್ಚಲಿ? ಕಳುವು ಮಾಡಿ ಒಯ್ಯಾಕತ್ತೀನೇನು?" ಎಂದಳು ನಿಲ್ಲದೆ. ಯಾರೋ ಕೇಳಿದರು, ಯಾರ ರೊಟ್ಟಿ ಅದು ಎಂದು. "ಗಿರಿಜಾಂದು. ಇನ್ಯಾರದು? ನನ್ನ ತಾಟಿಗೆ ಕೊಟ್ಟಾಳ. ನಿಮಗ ಕೊಟ್ಟಿಲ್ಲೇನು?" ಎಂದಳು. ಶಾರದಾಳ ಬಾಗಿಲ ಮುಂದಂತೂ ನಿಂತೇಬಿಟ್ಟಳು. "ತಾಟ ಒಯ್ದವರಿಗೆ ಕೊಡ್ತಾಳವಾ. ಚೀಲ ಒಯ್ದವರಿಗೆ ಏನ ಕೊಡಬೇಕಾಕಿ?"

ಶಾರದಾಳ ಮುಖ ನೋಡುವಂತಿತ್ತು. ನಾನು ಅಲ್ಲಿ ನಿಲ್ಲಲಾರದೆ ಮನೆಗೆ ಬಂದೆ.

ಒಂದು ತಾಸು ಕಳೆದಿರಲಿಲ್ಲ, ಬಾಗಿಲಲ್ಲಿ ಬಳೆ ಸಪ್ಪಳವಾಯಿತು. ಶಾರದಾ ನಿಂತಿದ್ದಳು. ಕೈಯಲ್ಲಿ ತಾಟು, ಅದರಲ್ಲಿ ಮತ್ತೆರಡು ರೊಟ್ಟಿ. "ಅಕ್ಕಾ, ಅದು... ಆಗ ಅವಸರದಾಗ ಬಂದಿದ್ದೆ," ಎಂದು ತೊದಲಿದಳು.

"ಕವರ ಹರದ ಹೋತೇನು?" ಎಂದೆ.

"ನಿಮ್ಮ ಬಾಯಿಗೇನೂ ಆಗಿಲ್ಲ ಬಿಡ್ರಿ ಅಕ್ಕಾ," ಎಂದಳು ಸಿಟ್ಟಿನಿಂದ.

ಎಷ್ಟು ದಿನದ ಮೇಲೆ ಅವಳ ಬಾಯಲ್ಲಿ ಸಿಟ್ಟು ಕೇಳಿದ್ದೆ! ನನಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಕೂತು ಕಾಯ್ದು ರೊಟ್ಟಿ ಮಾಡಿಸಿಕೊಂಡೇ ಹೋದಳು, "ಒಂದ ಮಗ್ಗಲ ಹಸೀ ಐತಿ," ಎಂದು ಕೊಂಕು ತೆಗೆದೂ ಹೋದಳು. ಅವಳ ಹಿಂದೆ ಇನ್ನೂ ಕೆಲವರು ತಾಟು ಹಿಡಿದು ಬಂದರು. ಬೇರೆ ವರ್ಷ ಒಬ್ಬೊಬ್ಬರಿಗೆ ನಾಲ್ಕೈದು ಕೊಡುತ್ತಿದ್ದವಳು ಅಂದು ಒಂದೊಂದೇ ಕೊಟ್ಟೆ. ಕೆಲವರಿಗೆ ಮುರಿದದ್ದೇ ಸಿಕ್ಕಿತು. ಸಂಜೆಯ ಹೊತ್ತಿಗೆ ಎರಡೂ ಕೈ ಎತ್ತಲು ಬರುತ್ತಿರಲಿಲ್ಲ, ನೋವಿಗೆ ಜ್ವರ ಬಂದ ಹಾಗಾಗಿತ್ತು. ಆದರೂ ಆವತ್ತಿನಷ್ಟು ಹಸಿವು ಆಪರೇಶನ್ ಆದ ಮೇಲೆ ನನಗೆ ಆಗಿರಲೇ ಇಲ್ಲ.

ಊಟಕ್ಕೆ ಕೂತಾಗ ದೀಪಾ ಕೇಳಿದಳು. "ಅವ್ವಾ, ಆಯಿ ಕನಿಕರ ಇಲ್ಲ ಅಂದ್ಲಲ್ಲ. ಕನಿಕರ ಇಲ್ಲದಾಕಿ ಯಾಕ ಅಷ್ಟೊತ್ತ ಕುಂತಿದ್ಲು?"

"ಅದು ಕಕ್ಕುಲಾತಿ," ಎಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ಬಾಯ್ತುದಿಗೆ ಬಂತು. ನನ್ನ ತವರಲ್ಲಿ ಅಜ್ಜಿ ಬಹಳ ಬಳಸುತ್ತಿದ್ದ ಶಬ್ದ. ಮಕ್ಕಳು ಬರುವುದು ತಡವಾದರೆ ದಾರಿ ನೋಡುತ್ತ ನಿಲ್ಲುವವರಿಗೆ ಕಕ್ಕುಲಾತಿ ಎನ್ನುತ್ತಿದ್ದಳು.

"ಎರಡಕ್ಕೂ ಏನ ಫರಕ? ಎರಡೂ ಮನಸ ಕರಗೂದ ಅಲ್ಲೇನು? ನಮ್ಮ ಪುಸ್ತಕದಾಗ ಹೆಚ್ಚೂಕಡಿಮಿ ಒಂದ ಅರ್ಥ ಬರದಿರತಾರ."

ಪುಸ್ತಕದಲ್ಲಿ ಇರಬಹುದು. ನಾನು ಎರಡನ್ನೂ ಒಂದೇ ದಿನ ನನ್ನ ಬಾಗಿಲಲ್ಲಿ ನೋಡಿದ್ದೆ. ಬೆಳಿಗ್ಗೆ ಬಂದವರ ಮನಸ್ಸೂ ಕರಗಿತ್ತು, ಇಲ್ಲವೆನ್ನಲಾರೆ. ಆದರೆ ಕನಿಕರ ನಿಂತುಕೊಂಡೇ ಕೊಟ್ಟು ಹೋಗುತ್ತದೆ, ಅದಕ್ಕೆ ನಮ್ಮಿಂದ ಏನೂ ಬೇಕಾಗಿರುವುದಿಲ್ಲ. ಕಕ್ಕುಲಾತಿಗೆ ನಾವು ಬೇಕು. ನಮ್ಮ ಕೈಯದು ಬೇಕೇ ಬೇಕು ಎಂದು ಹಟ ಹಿಡಿದು ಕೂರುತ್ತದೆ, ಬೈಯುತ್ತದೆ, ಕುಂದು ಹುಡುಕುತ್ತದೆ. ಕನಿಕರಕ್ಕೆ ನನ್ನ ಮುರಿದ ಕೈ ಕಂಡಿತ್ತು. ಕಕ್ಕುಲಾತಿಗೆ ಇನ್ನೊಂದು ಕೈ ಕಂಡಿತು. ಇಷ್ಟೆಲ್ಲ ಅಂದು ದೀಪಾಳಿಗೆ ಹೇಳಲು ಬರಲಿಲ್ಲ. "ಊಟಾ ಮಾಡು, ಮುಂದ ನಿನಗ ತಿಳೀತೈತಿ," ಎಂದೆ.

ಪಂಚಮಿ ಮುಗಿದ ಮರುದಿನವೇ ಶಿವಪ್ಪಣ್ಣನ ಖಾನಾವಳಿಗೆ ನಾನೇ ಹೋದೆ. ಅವರು ಗಲ್ಲೆಯ ಮೇಲೆ ದುಡ್ಡು ಎಣಿಸುತ್ತ ಕೂತಿದ್ದರು. "ಯಾಕ ತ್ರಾಸ ತಗೊಂಡ್ರಿ ಅಕ್ಕಾರ, ಹೇಳಿ ಕಳಿಸಿದ್ರ ಆಗತಿತ್ತು," ಎಂದರು.

"ಆಗಂಗಿಲ್ಲ ಅಂತ ಹೇಳಾಕ ಬಂದಿಲ್ರಿ. ದಸರಾತನಾ ಮಷೀನ್ ರೊಟ್ಟಿ ತರಸ್ರಿ. ಅಷ್ಟರಾಗ ನಾ ಕೈ ಪಳಗಿಸಿಕೊಂಡ ಬರ್ತೀನಿ. ಬಂದಾಗ ನೋಡಿ ತಗೋರಿ. ಚಲೋ ಇಲ್ಲಂದ್ರ ಬಾಯಿ ಬಿಟ್ಟ ಹೇಳ್ರಿ. ಪಾಪ ಅಂತ ಒಂದ ರೊಟ್ಟಿನೂ ಇಟ್ಟಕೋಬ್ಯಾಡ್ರಿ," ಎಂದೆ. ಅವರು ಹೂಂ ಎಂದರು. ನಂಬಿದ ಹಾಗೇನೂ ಕಾಣಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ದಿನವೂ ರೊಟ್ಟಿ ಹಬ್ಬ. ಅಕ್ಕಿ ಬೇಯಿಸುವುದನ್ನೇ ಬಿಟ್ಟೆ. ಎಡಗೈಗೆ ಬುದ್ಧಿ ಕಲಿಸುವುದೆಂದರೆ ಹಟಮಾರಿ ಎತ್ತನ್ನು ನೇಗಿಲಿಗೆ ಹೂಡಿದ ಹಾಗೆ, ಸಾಲು ಬಿಟ್ಟು ಎಳೆಯುತ್ತದೆ. ನಮ್ಮ ಮನೆಯವರು ತಾಟಿನಲ್ಲಿ ಬಂದ ರೊಟ್ಟಿ ನೋಡಿ, "ಇವತ್ತ ಯಾವ ಜಿಲ್ಲಾದ ನಕಾಶಿ ಮಾಡೀದಿ?" ಎಂದು ಕೇಳುತ್ತಿದ್ದರು. ತಿಂದು ತಿಂದು ಅವರಿಗೂ ಮಗಳಿಗೂ ಸಾಕಾಗಿತ್ತು. ಫಕೀರವ್ವ ಆಯಿ ನಡುನಡುವೆ ಬಂದು ಒಂದು ರೊಟ್ಟಿ ಒಯ್ದು, ಮರುದಿನ ಬಂದು ಬೈದು ಹೋಗುತ್ತಿದ್ದಳು. ಒಂದು ದಿನ ರೊಟ್ಟಿ ಒಯ್ದವಳು ಮರುದಿನ ಬೈಯಲು ಬರಲಿಲ್ಲ. ನನಗೆ ಗಾಬರಿಯಾಗಿ, ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅವರ ಮನೆಗೆ ಹೋದೆ. ಆರಾಮಾಗಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. "ನಿನ್ನಿನ ರೊಟ್ಟಿ ಹ್ಯಾಂಗಿತ್ರಿ?" ಎಂದು ಕೇಳಿದೆ. "ಇತ್ತು," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಸಾಕಿತ್ತು.

ದಸರೆಗೆ ಇನ್ನೂ ದಿನ ಇರುವಾಗಲೇ ಅರ್ಧ ಬುಟ್ಟಿ ರೊಟ್ಟಿ ಮಾಡಿಕೊಂಡು ಖಾನಾವಳಿಗೆ ಹೋದೆ. ಮೊದಲಿನಷ್ಟು ತೆಳು ಇರಲಿಲ್ಲ, ಮೊದಲಿನ ಹಾಗೆ ಬೇಗ ಆಗುತ್ತಲೂ ಇರಲಿಲ್ಲ. ಶಿವಪ್ಪಣ್ಣ ಕೆಲಸ ಬಿಟ್ಟು ಬಂದು ಬುಟ್ಟಿಯ ಮುಂದೆ ಕೂತರು. ನಾನು ಎದುರಿಗೆ ನಿಂತಿದ್ದೆ. ಅವರು ಒಂದೊಂದೇ ರೊಟ್ಟಿ ತೆಗೆದು, ತಿರುವಿ ನೋಡಿ, ಬದಿಗೆ ಒಟ್ಟುತ್ತ ಹೋದರು. ನಡುವೆ ಒಂದು ರೊಟ್ಟಿಯನ್ನು ಬೇರೆ ಇಟ್ಟರು. ಆಮೇಲೆ ಇನ್ನೊಂದನ್ನು ಬೇರೆ ಇಟ್ಟರು.

"ಇವೆರಡು ನಡ್ಯಂಗಿಲ್ರಿ ಅಕ್ಕಾರ," ಎಂದರು. "ಅಂಚ ಒಡದಾವ, ಗಿರಾಕಿಗೆ ಹಾಕಾಕ ಬರಂಗಿಲ್ಲ. ಉಳದದ್ದೆಲ್ಲಾ ಚಲೋ ಅದಾವ. ನಾಳಿಂದ ಇಷ್ಟಿಷ್ಟ ತರ್ರಿ, ಮಷೀನಿನವರಿಗೆ ಕಡಿಮಿ ಮಾಡ್ತೀನಿ."

ನನಗೆ ಅಳು ಬಂತು. ಖಾನಾವಳಿಯ ನಡುವೆ, ಉಣ್ಣುತ್ತಿದ್ದ ಜನರ ಮುಂದೆ, ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಶಿವಪ್ಪಣ್ಣ ಗಾಬರಿಯಾಗಿ ಎದ್ದು ನಿಂತರು.

"ಅಯ್ಯ ಅಕ್ಕಾರ, ಅಳಬ್ಯಾಡ್ರಿ. ಇರ್ಲಿ ಬಿಡ್ರಿ, ಅವೆರಡೂ ಇಟ್ಟಕೋತೀನಿ, ಪಾಪ..."

"ಇಟ್ಟಕೊಂಡೀರಿ ಅಂದ್ರ ನೋಡ್ರಿ ಮತ್ತ!" ಎಂದು ಅವರ ಕೈಯಿಂದ ಆ ಎರಡು ರೊಟ್ಟಿ ಕಿತ್ತುಕೊಂಡು ಹೊರಗೆ ಬಂದೆ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಎರಡನ್ನೂ ಮುರಿದು ಮುರಿದು ತಿಂದೆ. ಪಲ್ಯ ಇಲ್ಲ, ಚಟ್ನಿ ಇಲ್ಲ. ಗಜೇಂದ್ರಗಡದ ಬಸ್ಸಿಗೆ ಕಾಯುತ್ತಿದ್ದವರು ಇವಳಿಗೇನಾಗಿದೆ ಎಂದು ನೋಡುತ್ತಿದ್ದರು. ನಾನು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ಅಂಚು ಒಡೆದದ್ದು ಖರೆ. ಒಡೆದಿದೆ ಎಂದು ನನಗೆ ಮುಖದ ಮೇಲೆ ಹೇಳಿದ್ದರು, ಉಳಿದದ್ದು ಬೇಕು ಎಂದೂ ಹೇಳಿದ್ದರು. ಆವತ್ತು ಆದಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.